ಗಾಳಿ ಎಳೆಯುವ ಕಿಂಡಿ

ಕೆಲಸ ಬಿಟ್ಟವರೆಲ್ಲ ನಿವೃತ್ತರಲ್ಲ. ನಾನು ಬಿಟ್ಟದ್ದು ಮೂವತ್ತು ದಾಟಿದ ಸ್ವಲ್ಪ ದಿನಕ್ಕೆ, ನನ್ನದೇ ಕಾರಣಕ್ಕೆ. ಆ ಕಾರಣ ಇಲ್ಲಿ ಬೇಡ. ಮತ್ತೆ ಅಲ್ಲಿಗೆ ಹೋಗುವುದಿಲ್ಲ ಎಂಬುದು ಖಚಿತವಾದ್ದರಿಂದ ಅದನ್ನು ನಿವೃತ್ತಿ ಎಂದೇ ಕರೆಯುತ್ತೇನೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿ, "ಅಕ್ಕಾ, ಈ ಕೆಲಸದಲ್ಲಿ ಮೊದಲು ಏನು ಕಲೀಬೇಕು?" ಎಂದು ಕೇಳಿದಳು. "ಅನುಮಾನ ಪಡೋದು" ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚಿತ್ರದುರ್ಗದಲ್ಲಿ ಹೆದ್ದಾರಿ ಪಕ್ಕದ ಒಂದು ಷೋರೂಮಿನ ವರ್ಕ್‌ಶಾಪಿನಲ್ಲಿ ನಾನು ಹೈಬ್ರಿಡ್ ಕಾರುಗಳ ಬ್ಯಾಟರಿ ತಪಾಸಣೆ ಮಾಡುತ್ತಿದ್ದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಕಾರುಗಳೆಲ್ಲ ನಮ್ಮಲ್ಲಿಗೇ ಬರುತ್ತಿದ್ದವು. ಬ್ಯಾಟರಿ ಕೆಟ್ಟರೆ ಅದು ಕಾರ್ಖಾನೆಯ ದೋಷವೋ, ಓಡಿಸಿದವರ ದೋಷವೋ ಎಂದು ವರದಿ ಬರೆಯಬೇಕು. ಕಾರ್ಖಾನೆಯದಾದರೆ ವಾರಂಟಿ ಸಿಗುತ್ತದೆ, ಓಡಿಸಿದವರದಾದರೆ ಇಲ್ಲ. ಹೀಗಾಗಿ ನನ್ನೆದುರು ಬಂದು ಕೂತ ಪ್ರತಿಯೊಬ್ಬರಿಗೂ ಸುಳ್ಳು ಹೇಳಲು ಒಂದು ಕಾರಣವಿರುತ್ತಿತ್ತು. ನನ್ನ ಮೇಲಿನವರಿಗೂ ಇರುತ್ತಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನೂ ಇರುತ್ತದೆ, ದೊಡ್ಡ ಬ್ಯಾಟರಿಯೂ ಇರುತ್ತದೆ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜು ಮಾಡುವ ಗೋಜಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ, ಮೆಲ್ಲಗೆ ಬ್ರೇಕ್ ಒತ್ತಿದಾಗ, ಚಕ್ರದ ಓಟವೇ ಬ್ಯಾಟರಿಯನ್ನು ತುಂಬುತ್ತದೆ. ಕೊನೇ ಗಳಿಗೆಯಲ್ಲಿ ಗಕ್ಕನೆ ಬ್ರೇಕ್ ಹಾಕುವವರಿಗೆ ಆ ಲಾಭ ಸಿಗುವುದಿಲ್ಲ. ಗೇರನ್ನು ನ್ಯೂಟ್ರಲ್‌ಗೆ ತಂದರಂತೂ ತುಂಬುವುದೇ ನಿಲ್ಲುತ್ತದೆ. ಇನ್ನು ಬ್ಯಾಟರಿಯ ದೊಡ್ಡ ಶತ್ರು ಬಿಸಿ. ನಮ್ಮ ಕಾರುಗಳಲ್ಲಿ ಬ್ಯಾಟರಿ ಇರುವುದು ಹಿಂದಿನ ಸೀಟಿನ ಅಡಿಯಲ್ಲಿ. ಸೀಟಿನ ಪಕ್ಕದಲ್ಲಿರುವ ಅಂಗೈಯಗಲದ ಕಿಂಡಿಯಿಂದ ಒಂದು ಫ್ಯಾನು ಕಾರಿನೊಳಗಿನ ತಂಪು ಗಾಳಿಯನ್ನು ಎಳೆದುಕೊಂಡು ಅದನ್ನು ತಣ್ಣಗಿಡುತ್ತದೆ.

ಇದೆಲ್ಲ ಮಾಲೀಕರ ಕೈಪಿಡಿಯಲ್ಲಿದೆ. ಕೈಪಿಡಿ ಓದಿದ ಮಾಲೀಕರನ್ನು ನಾನು ನೋಡಿಲ್ಲ. ಓದಿದ್ದೇನೆ ಎಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದ ಕಡೆಯಿಂದ ಬಂದಿದ್ದ ಒಬ್ಬ ಹಿರಿಯರು ನೆನಪಾಗುತ್ತಾರೆ. ಓದಿದವರು, ಶಿಸ್ತಿನವರು. ಕಾರಿಗೆ ಒಂದು ಗೀರೂ ಇರಲಿಲ್ಲ. ಬ್ಯಾಟರಿ ಮಾತ್ರ ಸೊರಗಿಹೋಗಿತ್ತು. ಇಷ್ಟು ಚೊಕ್ಕವಾದ ಕಾರೆಂದರೆ ಏನನ್ನೋ ಮುಚ್ಚಿಡಲು ತೊಳೆಸಿದ್ದಾರೆ ಎಂದು ನನಗೆ ಅನುಮಾನ. ಎಷ್ಟು ಕೇಳಿದರೂ ಅವರದು ಒಂದೇ ಉತ್ತರ.

"ನಾನದನ್ನ ಮುಟ್ಟೇ ಇಲ್ಲ ಕಣಮ್ಮ. ಮಳೆಗಾಲ ಪೂರ್ತಿ ಹೊದಿಕೆ ಹಾಕಿ ಇಟ್ಟಿದ್ದೆ. ಹೊರಗೆ ಹೋಗೋದಿದ್ರೆ ಸ್ಕೂಟ್ರಲ್ಲೇ ಹೋಗ್ತಿದ್ದೆ. ಮುಟ್ಟದೇ ಇರೋ ವಸ್ತು ಹೆಂಗಮ್ಮ ಹಾಳಾಗುತ್ತೆ?"

"ಮುಟ್ಟದೇ ಇದ್ದಿದ್ದಕ್ಕೇ ಸರ್."

ಅವರು ನನ್ನ ಮುಖವನ್ನೇ ನೋಡಿದರು. ತಿಂಗಳುಗಟ್ಟಲೆ ಕೂಡಿಹಾಕಿದರೆ ಬ್ಯಾಟರಿ ತಾನೇ ಬರಿದಾಗುತ್ತದೆ, ವಾರಕ್ಕೊಮ್ಮೆಯಾದರೂ ಒಂದಷ್ಟು ದೂರ ಓಡಿಸಬೇಕು ಎಂದು ವಿವರಿಸಿದೆ. ಹೋಗುವಾಗ, "ಹಂಗಾದ್ರೆ ಜೋಪಾನ ಮಾಡಿದ್ದೇ ತಪ್ಪು ಅನ್ನು" ಎಂದು ಗೊಣಗಿದರು. ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ನನ್ನ ಅನುಮಾನಕ್ಕೆ ಅವತ್ತು ಕೆಲಸ ಸಿಗಲಿಲ್ಲ.

ಹೊಳಲ್ಕೆರೆಯ ಒಂದು ಕುಟುಂಬದ್ದು ಇದಕ್ಕೆ ತದ್ವಿರುದ್ಧ. ಅವರ ಕಾರು ರೈಲ್ವೆ ಗೇಟಿನ ಹತ್ತಿರವೇ ಮತ್ತೆ ಮತ್ತೆ ಕೈಕೊಡುತ್ತಿತ್ತು. ಗೇಟಿನ ಪಕ್ಕದ ಹುಣಸೆಮರದ ಮೇಲೂ ಅನುಮಾನಪಟ್ಟು ನಿಂಬೆಹಣ್ಣು ನಿವಾಳಿಸಿ ಬಂದಿದ್ದರು. ಗೇಟು ಹಾಕಿದಾಗ ಗಾಡಿಯನ್ನು ನ್ಯೂಟ್ರಲ್‌ಗೆ ತಂದು, ಒಳಗೆ ಎ.ಸಿ. ಜೋರಾಗಿಟ್ಟುಕೊಂಡು, ಎರಡು ರೈಲು ದಾಟುವವರೆಗೂ ಹಾಗೇ ಕೂರುತ್ತಿದ್ದರು. ತುಂಬುವುದು ನಿಂತಿದೆ, ಖರ್ಚು ಮಾತ್ರ ನಡೆದಿದೆ. "ಪಾರ್ಕಿಂಗ್‌ಗೆ ಹಾಕ್ರಿ, ಬೇಕಾದಾಗ ಎಂಜಿನ್ ತಾನೇ ಎದ್ದು ತುಂಬುತ್ತೆ" ಎಂದು ಹೇಳಿ ಕಳಿಸಿದೆ. ಮನೆಯ ಯಜಮಾನರಿಗೆ ಸಮಾಧಾನವಾಗಲಿಲ್ಲ. "ಮರ ಕಾರಣ ಅಲ್ಲ ಅಂತ ಬರ್ಕೊಡ್ತೀರಾ?" ಎಂದು ಕೇಳಿದರು. ಬರೆದುಕೊಡಲಿಲ್ಲ.

ನಾನು ಸೇರಿದ ಹೊಸದರಲ್ಲಿ ಸೀಟು ಬಿಚ್ಚಿ, ಮೀಟರು ಹಿಡಿದು, ಬ್ಯಾಟರಿಯ ಒಂದೊಂದೇ ತುಂಡನ್ನು ಪರೀಕ್ಷಿಸುತ್ತಿದ್ದೆವು. ಆಮೇಲೆ ಲ್ಯಾಪ್‌ಟಾಪಿನ ಕಾಲ ಬಂತು. ಎಚ್ಚರಿಕೆ ದೀಪ ಹೊತ್ತಿದ ಗಳಿಗೆಯಲ್ಲಿ ಬ್ಯಾಟರಿ ಎಷ್ಟು ಬಿಸಿಯಿತ್ತು, ಫ್ಯಾನು ಎಷ್ಟು ಜೋರಾಗಿ ತಿರುಗುತ್ತಿತ್ತು, ಗೇರು ಎಲ್ಲಿತ್ತು ಎಂಬುದನ್ನೆಲ್ಲ ಕಾರೇ ನೆನಪಿಟ್ಟುಕೊಂಡು ಹೇಳುತ್ತದೆ. ಇದರಿಂದ ಕೆಲಸ ಬೇಗ ಆಗತೊಡಗಿತು. ಬೇಗ ಆಗುವ ಕೆಲಸದಲ್ಲಿ ಒಂದು ಅಪಾಯವಿದೆ. ಪರದೆಯ ಮೇಲೆ ಮೊದಲು ಕಂಡ ದೋಷಕ್ಕೆ ಎದುರಿಗೆ ಕಂಡ ಮನುಷ್ಯನನ್ನು ಗಂಟುಹಾಕಿ ಕೈತೊಳೆದುಕೊಳ್ಳಬಹುದು. ತಿಪ್ಪೇಸ್ವಾಮಿಯ ವಿಷಯದಲ್ಲಿ ಹಾಗೇ ಆಗುವುದಿತ್ತು.

ತಿಪ್ಪೇಸ್ವಾಮಿ ಡ್ರೈವರ್. ಬಹಳ ವರ್ಷ ಲಾರಿ ಓಡಿಸಿ, ಸೊಂಟ ನೋವಿಗೆ ಅದನ್ನು ಬಿಟ್ಟು, ಚಿತ್ರದುರ್ಗದಲ್ಲಿ ಬೋರ್‌ವೆಲ್ ಪಂಪುಗಳ ಅಂಗಡಿ ಇಟ್ಟಿದ್ದ ಹಾಲಪ್ಪನವರ ಕಾರಿಗೆ ಬಂದಿದ್ದ. ಹಾಲಪ್ಪನವರದು ಹೊಸದುರ್ಗ ತಾಲೂಕಿನ ಮಾಡದಕೆರೆ ಕಡೆಯ ಕುರಿ ಸಾಕುವ ಮನೆತನ. ತಾಯಿ ಗಿರಿಯಮ್ಮ ಮಗನ ಜೊತೆ ಪೇಟೆಯಲ್ಲಿದ್ದರೂ ಪ್ರತಿ ಸೋಮವಾರ ತಿಪ್ಪೇಸ್ವಾಮಿಯ ಜೊತೆ ಆ ಕಾರಿನಲ್ಲಿ ಊರಿಗೆ ಹೋಗಿ ಕುರಿಹಿಂಡು ನೋಡಿಕೊಂಡು ಬರುತ್ತಿದ್ದರು. ನೋಡಿಕೊಂಡು ಎಂದರೆ ಎಣಿಸಿಕೊಂಡು. ಹಿಂಡು ಕಾಯುತ್ತಿದ್ದವನು ಅವರ ಸ್ವಂತ ತಮ್ಮ. "ತಮ್ಮ ತಮ್ಮನೇ, ಕುರಿ ಕುರಿನೇ" ಎನ್ನುತ್ತಿದ್ದರು.

ಆ ಕಾರಿನಲ್ಲಿ ಬ್ಯಾಟರಿ ವಿಪರೀತ ಬಿಸಿಯಾಗಿ ಎಚ್ಚರಿಕೆ ದೀಪ ಹೊತ್ತುತ್ತಿತ್ತು, ಅದೂ ಸೋಮವಾರಗಳಲ್ಲಿ ಮಾತ್ರ. ಹಾಲಪ್ಪ ಜೊತೆಯಲ್ಲಿದ್ದ ದಿನ ಒಮ್ಮೆಯೂ ಹೊತ್ತಿರಲಿಲ್ಲ. ನಮ್ಮಲ್ಲಿಗೆ ತಂದಾಗಲೂ ಹೊತ್ತಲಿಲ್ಲ. ನಾನೇ ಹೊಳಲ್ಕೆರೆಯವರೆಗೆ ಓಡಿಸಿಕೊಂಡು ಬಂದೆ, ಬ್ಯಾಟರಿ ತಣ್ಣಗಿತ್ತು. ಹಾಲಪ್ಪನವರ ಲೆಕ್ಕಾಚಾರ ಸರಳವಾಗಿತ್ತು.

"ನಾನಿದ್ರೆ ಸರಿಯಾಗಿರತೈತೆ, ನಾನಿಲ್ದಿದ್ರೆ ಕೆಡ್ತೈತೆ. ಅಂದ್ರೆ ನಾನಿಲ್ದಾಗ ಇವನು ಏನೋ ಮಾಡ್ತಾನೆ. ಇದಕ್ಕೆ ಕಂಪ್ಯೂಟ್ರು ಬೇಕೇನ್ರಿ ಮೇಡಂ?"

ನನಗೂ ಹಾಗೇ ಅನಿಸಿತ್ತು. ತಿಪ್ಪೇಸ್ವಾಮಿಯನ್ನು ಬೇರೆಯಾಗಿ ಕೂರಿಸಿ, ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುತ್ತೀರಾ ಎಂದು ಕೇಳಿದೆ.

"ಇಲ್ಲ ಮೇಡಂ. ಯಾಕ್ ಹಾಕ್ಲಿ?" ಎಂದ. ಬಹಳ ಬೇಗ ಹೇಳಿದ. ಎಡಗೈಯನ್ನು ಮಂಡಿಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದ.

ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಗೊತ್ತಾಯಿತು. ಯಾವುದರ ಬಗ್ಗೆ, ಎಷ್ಟು ಎಂಬುದು ಗೊತ್ತಾಗಲಿಲ್ಲ.

ಮರುದಿನ ಗಾಳಿ ಕಿಂಡಿಯ ಜಾಲರಿ ಬಿಚ್ಚಿ ನೋಡಿದೆ. ಧೂಳಿನ ಜೊತೆ ಕಪ್ಪು ಉಣ್ಣೆಯ ಎಳೆಗಳು ಸಿಕ್ಕಿಕೊಂಡಿದ್ದವು. ನಮ್ಮ ವರ್ಕ್‌ಶಾಪ್ ಮ್ಯಾನೇಜರ್ ಪ್ರಹ್ಲಾದ್ ನನ್ನ ಹಿಂದೆಯೇ ನಿಂತಿದ್ದರು. ಅವರಿಗೆ ಕೆಲಸ ಗೊತ್ತಿತ್ತು, ತಾಳ್ಮೆ ಗೊತ್ತಿರಲಿಲ್ಲ. ನಾನು ಎಳೆಗಳನ್ನು ಕವರಿಗೆ ಹಾಕುವಷ್ಟರಲ್ಲಿ ಅವರು ಹಾಲಪ್ಪನವರಿಗೆ ಫೋನ್ ಮಾಡಿ ಹೇಳಿಬಿಟ್ಟಿದ್ದರು: "ಸರ್, ನಿಮ್ಮ ಗಾಡಿಯಲ್ಲಿ ಉಣ್ಣೆ ಸಿಕ್ಕಿದೆ."

ಕುರಿಯ ಮನೆತನದವರಿಗೆ ಅಷ್ಟು ಸಾಕಾಯಿತು. ಹಾಲಪ್ಪ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದರಂತೆ, ಅಲ್ಲಿಂದ ಆಟೋ ಹಿಡಿದು ನೇರ ನಮ್ಮಲ್ಲಿಗೇ ಬಂದರು. ಗಾಡಿಗೆ ಕಾಯುತ್ತ ತಿಪ್ಪೇಸ್ವಾಮಿಯೂ ಅಲ್ಲೇ ಇದ್ದ. ಗಿರಿಯಮ್ಮ ಗ್ರಾಹಕರ ಕೋಣೆಯ ಸೋಫಾದ ಮೇಲೆ ತಮ್ಮ ಕರಿಕಂಬಳಿ ಹಾಸಿ, ಅದರ ಮೇಲೆ ಕೂತರು. ಬರಿಯ ಸೀಟಿನ ಮೇಲೆ ಅವರು ಎಲ್ಲಿಯೂ ಕೂರುತ್ತಿರಲಿಲ್ಲ. ಎದ್ದಾಗ ಕಂಬಳಿಯನ್ನು ಹಿಂದೆ ಬಿಟ್ಟು ಹೋಗುತ್ತಲೂ ಇರಲಿಲ್ಲ, ಯಾರಾದರೂ ತುಳಿದಾರು ಎಂದು. ಇದು ನಾನು ಆಮೇಲೆ ತಿಳಿದದ್ದು. ಅವತ್ತು ಕಂಡದ್ದು ಒಬ್ಬ ಅಜ್ಜಿ, ಒಂದು ಕಂಬಳಿ, ಅಷ್ಟೆ.

"ಏನಲೇ ತಿಪ್ಪೇಶಿ," ಹಾಲಪ್ಪನವರ ದನಿಗೆ ಇಡೀ ಷೋರೂಮು ತಿರುಗಿ ನೋಡಿತು. "ನಮ್ಮವ್ವನ್ನ ಊರಾಗೆ ಇಳಿಸಿ, ಹಿಂದಿನ ಸೀಟ್ನಾಗೆ ಕುರಿ ತುಂಬ್ಕಂಡು ಸಂತೆಗೆ ಬಾಡಿಗೆ ಹೊಡೀತಿದ್ದೀಯೇನಲೇ?"

"ಅಯ್ಯೋ, ಕುರೀನಾ? ಅಣ್ಣಾ, ನಾನ್ಯಾಕೆ ಕುರಿ..."

"ಉಣ್ಣೆ ಹೆಂಗೆ ಬಂತು ಹಂಗಾದ್ರೆ? ಹಾರ್ಕಂಡು ಬಂತಾ?"

"ಸಾರ್, ಕುರಿ ಹತ್ತಿಸಿದ್ರೆ ಹಿಕ್ಕೆ, ವಾಸನೆ ಏನಾದ್ರೂ ಇರಬೇಕಿತ್ತು" ಎಂದೆ ನಾನು.

"ತೊಳೆಸಿರ್ತಾನೆ ಬಿಡ್ರಿ."

ಆ ಮನೆಯಲ್ಲಿ ಆಣೆ ಇಡುವುದೆಂದರೆ ಹಾಸಿದ ಕಂಬಳಿಯನ್ನು ಮುಟ್ಟುವುದು. ಗದ್ದಿಗೆಯಷ್ಟೇ ಪವಿತ್ರ. ಹಾಲಪ್ಪ ತಾಯಿಯ ಕಂಬಳಿಯ ಅಂಚನ್ನು ತೋರಿಸಿದರು. "ಇದನ್ನ ಮುಟ್ಟು. ಈ ಗಾಡಿಗೆ ನಾನು ಯಾವ ತಪ್ಪೂ ಮಾಡಿಲ್ಲ ಅಂತ ಹೇಳು. ನಂಬ್ತೀನಿ. ಮುಂದೆ ಮಾತೇ ಇಲ್ಲ."

ತಿಪ್ಪೇಸ್ವಾಮಿ ಬಗ್ಗಿದ. ಕೈ ಚಾಚಿದ. ಕಂಬಳಿಗೆ ಇನ್ನೇನು ತಾಕಬೇಕು ಎನ್ನುವಾಗ ಕೈ ಹಿಂದಕ್ಕೆ ತೆಗೆದುಕೊಂಡ.

ಗಿರಿಯಮ್ಮ ಮೊದಲ ಸಲ ಬಾಯಿ ಬಿಟ್ಟರು. "ಮುಟ್ಲಿಲ್ಲ ಅಂದ್ರೆ ಏನೋ ಐತೆ ಕಣಪ್ಪ."

"ಬರೋ ಸೋಮವಾರದಿಂದ ಬೇರೆ ಡ್ರೈವರ್ ನೋಡ್ಕಂತೀನಿ," ಹಾಲಪ್ಪ ನನ್ನ ಕಡೆ ತಿರುಗಿದರು. "ಇವನೇ ಕೆಡಿಸಿದ್ದು ಅಂತ ನೀವು ರಿಪೋರ್ಟ್ ಕೊಡ್ರಿ. ಇವನು ಎಲ್ಲೂ ಸ್ಟೇರಿಂಗ್ ಹಿಡೀಬಾರ್ದು, ಹಂಗೆ ಮಾಡ್ತೀನಿ."

ಚಿತ್ರದುರ್ಗ ದೊಡ್ಡ ಊರಲ್ಲ. ಡ್ರೈವರನೊಬ್ಬ ಮಾಲೀಕನ ಗಾಡಿಯಲ್ಲಿ ಕಳ್ಳ ಬಾಡಿಗೆ ಹೊಡೆದ ಎಂಬ ಮಾತು ಒಂದು ಟೀ ಅಂಗಡಿಯಿಂದ ಇನ್ನೊಂದಕ್ಕೆ ಹೋಗುವುದು ತಡವಾಗುವುದಿಲ್ಲ. ಸೊಂಟ ಹೋದವನಿಗೆ ಲಾರಿಯೂ ಉಳಿದಿರಲಿಲ್ಲ.

ಅವರೆಲ್ಲ ಹೋದ ಮೇಲೆ ತಿಪ್ಪೇಸ್ವಾಮಿ ನನ್ನ ಮೇಜಿನ ಹತ್ತಿರ ಬಂದು ನಿಂತ. "ನ್ಯೂಟ್ರಲ್ ಹಾಕ್ತೀನಿ ಮೇಡಂ. ಅದ್ಕೇ ಮುಟ್ಲಿಲ್ಲ. ಲಾರಿ ಓಡ್ಸಿದ ಕೈ, ಡೀಸೆಲ್ ಉಳಿಸೋ ಅಭ್ಯಾಸ, ಇಳಿಜಾರು ಕಂಡ್ರೆ ತಾನೇ ಗೇರಿಗೆ ಹೋಗ್ತೈತೆ. ಕುರಿ ಮಾತ್ರ ಹೊತ್ತಿಲ್ಲ, ನನ್ ಮಕ್ಕಳಾಣೆ."

ಪ್ರಹ್ಲಾದ್ ಅಲ್ಲಿಯೇ ಇದ್ದರು. ಅವನು ಆಚೆ ಹೋಗುತ್ತಲೇ, "ಆಯ್ತಲ್ಲ, ಒಪ್ಪಿಕೊಂಡ. ನ್ಯೂಟ್ರಲ್ ಅಂತ ಬರೆದು ಮುಗಿಸಮ್ಮ" ಎಂದರು.

"ನ್ಯೂಟ್ರಲ್ ಹಾಕಿದ್ರೆ ಬ್ಯಾಟರಿ ಬರಿದಾಗುತ್ತೆ ಸರ್, ಹೀಗೆ ಬಿಸಿ ಆಗಲ್ಲ. ದೀಪ ಹೊತ್ತಿದಾಗ ಗೇರು ಡ್ರೈವ್‌ನಲ್ಲೇ ಇತ್ತು. ಫ್ಯಾನು ಪೂರ್ತಿ ಜೋರಾಗಿ ತಿರುಗ್ತಾ ಇತ್ತು. ಆದ್ರೂ ತಣ್ಣಗಾಗಿಲ್ಲ."

"ಉಣ್ಣೆ ಕಟ್ಟಿಕೊಂಡಿತ್ತಲ್ಲ."

"ಅಷ್ಟು ಸ್ವಲ್ಪ ಉಣ್ಣೆಗೆ ಗಾಳಿ ನಿಲ್ಲಲ್ಲ. ಆ ಎಳೆಗಳು ಇದ್ದಾಗಲೇ ನಾನು ಹೊಳಲ್ಕೆರೆಗೆ ಹೋಗಿ ಬಂದಿದ್ದು."

"ಅಮ್ಮಾ, ಏನೇ ಆದ್ರೂ ಓಡಿಸಿದವರ ಕಡೆ ತಪ್ಪೇ. ನ್ಯೂಟ್ರಲ್ ಆದ್ರೂ ವಾರಂಟಿ ಇಲ್ಲ, ಉಣ್ಣೆ ಆದ್ರೂ ಇಲ್ಲ. ಕಂಪನಿಗೆ ಎರಡೂ ಒಂದೇ."

"ಅವನಿಗೆ ಒಂದೇ ಅಲ್ಲವಲ್ಲ ಸರ್."

ಅವನ ಮೇಲಿನ ಕನಿಕರದಿಂದ ಹೇಳಿದ ಮಾತಲ್ಲ ಇದು. ಒಮ್ಮೆ ಸುಳ್ಳು ಹೇಳಿದವನು ಎರಡನೆಯ ಸಲ ನಿಜ ಹೇಳುತ್ತಾನೆಂದು ನಾನು ನಂಬಿರಲಿಲ್ಲ. ಲೆಕ್ಕ ಕೂಡುತ್ತಿರಲಿಲ್ಲ, ಅಷ್ಟೆ. ಬ್ಯಾಟರಿ ಬಿಸಿಯಾದ ದಿನ ಕಾರಿನಲ್ಲಿ ಯಾರಿರಲಿಲ್ಲ ಎಂದು ಎಲ್ಲರೂ ನೋಡುತ್ತಿದ್ದರು. ಯಾರಿದ್ದರು ಎಂದು ಕೇಳಿರಲಿಲ್ಲ. ಮುಂದಿನ ಸೋಮವಾರ ನಾನೂ ಆ ಕಾರಿನಲ್ಲಿ ಬರುತ್ತೇನೆ, ತಿಪ್ಪೇಸ್ವಾಮಿಯೇ ಓಡಿಸಲಿ ಎಂದು ಹಾಲಪ್ಪನವರನ್ನು ಕೇಳಿದೆ. "ಹಿಡಿದು ಕೊಡ್ತೀರೇನು? ಹೋಗ್ಬರ್ರಿ" ಎಂದರು.

ಮುಂದಿನ ಸೀಟಿನಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕೂತೆ. ಹಿಂದಿನ ಬಾಗಿಲು ತೆರೆಯಿತು, ಅಜ್ಜಿ ಹತ್ತಿದ ಸದ್ದು, ಬಟ್ಟೆ ಸರಿಸಿಕೊಂಡ ಸದ್ದು. ನನ್ನ ಕಣ್ಣಿದ್ದದ್ದು ತಿಪ್ಪೇಸ್ವಾಮಿಯ ಎಡಗೈ ಮೇಲೆ. ಊರು ದಾಟಿ ಮೊದಲ ಇಳಿಜಾರು ಸಿಕ್ಕಿದ್ದೇ ತಡ, ಆ ಕೈ ಸ್ಟೇರಿಂಗು ಬಿಟ್ಟು ಗೇರಿನ ಕಡೆ ಹೊರಟಿತು.

"ಕೈ," ಎಂದೆ.

"ಅಯ್ಯೋ, ಇದರ ಮನೆ ಹಾಳಾಗ," ಎಂದು ತನ್ನ ಕೈಯನ್ನೇ ಬೈದುಕೊಂಡು ಹಿಂದಕ್ಕೆ ತೆಗೆದ.

ಹಿಂದಿನಿಂದ ಅಜ್ಜಿ, "ನೋಡವ್ವ, ಕಣ್ಣೆದುರ್ಗೇ ಮಾಡ್ತಾನೆ" ಎಂದರು.

ಹೊಳಲ್ಕೆರೆ ದಾಟಿದೆವು. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಸಪಾಟು ರಸ್ತೆ, ಹದವಾದ ವೇಗ, ತಿಪ್ಪೇಸ್ವಾಮಿಯ ಎರಡೂ ಕೈ ಸ್ಟೇರಿಂಗಿನ ಮೇಲೆ. ಆದರೂ ಪರದೆಯಲ್ಲಿ ಬ್ಯಾಟರಿಯ ಬಿಸಿ ಏರುತ್ತಲೇ ಇತ್ತು. ಫ್ಯಾನು ಪೂರ್ತಿ ಜೋರಾಗಿ ತಿರುಗುತ್ತಿದೆ ಎಂದು ಅಂಕಿ ತೋರಿಸುತ್ತಿತ್ತು. ಆದರೆ ಗಾಳಿ ಎಳೆಯುವ ಸದ್ದಿಲ್ಲ. ಉಸಿರುಗಟ್ಟಿದಂಥ ಗೊರಗೊರ ಮಾತ್ರ.

ತಿರುಗಿ ನೋಡಿದೆ. ಅಜ್ಜಿ ಸೀಟಿನ ತುಂಬ ಕಂಬಳಿ ಹಾಸಿಕೊಂಡು ಕೂತಿದ್ದರು. ಕಂಬಳಿಯ ಒಂದು ಮೂಲೆಯನ್ನು ಸುರುಳಿ ಸುತ್ತಿ ಪಕ್ಕದ ಕಿಂಡಿಗೆ ಬಿಗಿಯಾಗಿ ತುರುಕಿದ್ದರು.

"ಗಾಡಿ ನಿಲ್ಸಿ," ಎಂದೆ.

"ಯಾಕವ್ವ?" ಅಜ್ಜಿ ಕೇಳಿದರು.

"ಅಜ್ಜಿ, ಅಲ್ಲಿಗೆ ಕಂಬಳಿ ಯಾಕೆ ತುರುಕಿದ್ದೀರಿ?"

"ಇದಾ? ಇದು ಎಳೀತೈತೆ ಕಣವ್ವ. ಕುಂತ್ರೆ ಸೀರೆ ಸೆರಗು ಎಳೀತೈತೆ, ತೊಡೆಗೆ ಥಂಡಿ ಹತ್ತತೈತೆ, ಗುಂಯ್ ಅಂತ ಸದ್ದು ಬೇರೆ. ಕುರಿ ಗುಡ್ಲಾಗೆ ತೂತು ಬಿದ್ರೆ ನಾವು ಹಿಂಗೇ ಮುಚ್ಚದು. ಇಳಿಯಾಗ ತಕ್ಕಂತೀನಲ್ಲ."

ಇಳಿಯುವಾಗ ತೆಗೆದುಕೊಳ್ಳುತ್ತಾರೆ. ಕಂಬಳಿ ಅವರ ಜೊತೆ ಹೋಗುತ್ತದೆ, ಕಿಂಡಿ ತೆರೆದುಕೊಳ್ಳುತ್ತದೆ, ಕಾರು ನಮ್ಮಲ್ಲಿಗೆ ಬರುವಾಗ ಏನೂ ಇರುವುದಿಲ್ಲ. ಎರಡೋ ಮೂರೋ ಉಣ್ಣೆಯ ಎಳೆ ಬಿಟ್ಟು.

"ಸ್ವಲ್ಪ ತೆಗೀರಿ ಅಜ್ಜಿ."

ಅವರು ತೆಗೆದರು. ಫ್ಯಾನು ದೊಡ್ಡದಾಗಿ ಉಸಿರೆಳೆದುಕೊಂಡಿತು. ನಾನು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ, ಒಂದು ಅಂಕಿಯ ಮೇಲೆ ಬೆರಳಿಟ್ಟೆ. ನಾವು ಮತ್ತೆ ಹೊರಟು ಹೊಸದುರ್ಗ ಮುಟ್ಟುವಷ್ಟರಲ್ಲಿ ಆ ಅಂಕಿ ಇಳಿದು ತಣ್ಣಗಾಗಿತ್ತು. ಕುರಿ ಎಣಿಸುವ ಹೆಂಗಸಿಗೆ ಅಂಕಿ ಓದುವುದನ್ನು ಕಲಿಸಬೇಕಿರಲಿಲ್ಲ. ಆದರೂ ಅವರು ನನ್ನನ್ನು ನಂಬಲಿಲ್ಲ. ಮಾಡದಕೆರೆಯ ದಾರಿಯಲ್ಲಿ ತಾವೇ ಕಂಬಳಿಯನ್ನು ಮತ್ತೆ ತುರುಕಿ, ಅಂಕಿ ಏರುವುದನ್ನು ನೋಡಿ, ತೆಗೆದು, ಇಳಿಯುವುದನ್ನು ನೋಡಿದರು. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆಗ.

ಊರು ಹತ್ತಿರವಾದಾಗ ಅಜ್ಜಿ, "ತಿಪ್ಪೇಶಿ, ನೀನ್ಯಾಕಲೇ ಅವತ್ತು ಕಂಬಳಿ ಮುಟ್ಲಿಲ್ಲ?" ಎಂದರು.

"ನ್ಯೂಟ್ರಲ್ ಹಾಕ್ತಿದ್ನಲ್ಲ ಅಜ್ಜಿ. ಯಾವ ತಪ್ಪೂ ಮಾಡಿಲ್ಲ ಅಂತ ಹೆಂಗೆ ಹೇಳ್ಲಿ?"

ಅಜ್ಜಿ ಕುರಿ ಎಣಿಸಿದರು. ವಾಪಸು ಬರುವಾಗ ಕಂಬಳಿಯನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡು, ಬರಿಯ ಸೀಟಿನ ಮೇಲೆ ಕೂತರು.

ಅವರು ಮಗನಿಗೆ ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಹೇಳದೆ ಬಿಡುವುದು ಬಹಳ ಸುಲಭವಿತ್ತು. ವರದಿಯಲ್ಲಿ ನಾನು ಕಂಬಳಿ ಎಂದು ಬರೆದರೂ ಹಾಲಪ್ಪ, "ನಮ್ಮವ್ವ ಹಂಗೆ ಮಾಡಲ್ಲ" ಎಂದಿದ್ದರೆ ಮುಗಿಯುತ್ತಿತ್ತು. ಮನೆ ತಲುಪಿದಾಗ ಹಾಲಪ್ಪ ಬಾಗಿಲಲ್ಲೇ ನಿಂತಿದ್ದರು. "ಸಿಕ್ತೇನ್ರಿ ಕಳ್ಳ?"

"ಸಿಕ್ತು," ಎಂದರು ಗಿರಿಯಮ್ಮ. ಪಡಸಾಲೆಯಲ್ಲಿ ಕಂಬಳಿ ಬಿಡಿಸಿ ಹಾಸಿದರು. ಮೇಲೆ ಕೂರಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತು, ಅಂಗೈಯನ್ನು ಕಂಬಳಿಯ ಮೇಲಿಟ್ಟರು.

"ಇದನ್ನ ಮುಟ್ಟಿ ಹೇಳ್ತೀನಿ ಹಾಲಪ್ಪ. ಆ ಗಾಡಿ ತೂತು ಮುಚ್ಚಿದೋಳು ನಾನು. ಮುಚ್ಚಿದ್ದು ಇದೇ ಕಂಬಳಿ. ಉಣ್ಣೆ ಇದರದ್ದೇ."

"ಅವ್ವಾ, ಅವನ ಸಲುವಾಗಿ ನೀನು..."

"ಯಾರ ಸಲುವಾಗೂ ಅಲ್ಲ. ಕಂಬಳಿ ಮ್ಯಾಲೆ ಕೈ ಐತೆ, ಕಾಣ್ಸಲ್ವಾ? ಏ ತಿಪ್ಪೇಶಿ, ಬಾರಲೇ ಇಲ್ಲಿ. ಮುಟ್ಟು. ನೀ ಏನ್ ಮಾಡಿದ್ಯೋ ಅದನ್ನ ಹೇಳು, ಮಾಡದೇ ಇರಾದು ಬ್ಯಾಡ."

ತಿಪ್ಪೇಸ್ವಾಮಿ ಚಪ್ಪಲಿ ಬಿಟ್ಟು ಒಳಗೆ ಬಂದ. ಈ ಸಲ ಕೈ ಹಿಂದಕ್ಕೆ ಹೋಗಲಿಲ್ಲ. "ಇಳಿಜಾರಲ್ಲಿ ನ್ಯೂಟ್ರಲ್ ಹಾಕ್ತಿದ್ದೆ ಅಣ್ಣ. ಕುರಿ ಹೊತ್ತಿಲ್ಲ."

ಹಾಲಪ್ಪ ತಾಯಿಯನ್ನು ನೋಡಿದರು, ಅವನನ್ನು ನೋಡಿದರು, ಕೊನೆಗೆ ನನ್ನನ್ನು. "ನೀವೇನ್ ಬರೀತೀರ್ರಿ?"

"ಗಾಳಿ ಕಿಂಡಿಗೆ ಅಡ್ಡಿ ಅಂತ. ಡ್ರೈವರ್ ಕಾರಣ ಅಲ್ಲ ಅಂತ."

"ವಾರಂಟಿ?"

"ಸಿಗಲ್ಲ ಸರ್."

ಅವರು ಹಣೆ ಒತ್ತಿಕೊಂಡರು. ತಿಪ್ಪೇಸ್ವಾಮಿಯ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಹಿರಿಯೂರಿಗೆ ಹೋಗದೈತೆ, ಬೇಗ ಬಾರಲೇ" ಎಂದರು. ತಿಪ್ಪೇಸ್ವಾಮಿ ತಲೆಯಾಡಿಸಿ ಹೊರಗೆ ಹೋಗಿ, ಚಪ್ಪಲಿ ಹುಡುಕುವ ನೆಪದಲ್ಲಿ ಸುಮಾರು ಹೊತ್ತು ಬಗ್ಗಿಕೊಂಡೇ ಇದ್ದ.

ಪ್ರಹ್ಲಾದ್ ನನ್ನ ವರದಿಗೆ ಸಹಿ ಹಾಕುವಾಗ, "ಹೇಳಿದ್ನಲ್ಲ, ಎರಡೂ ಒಂದೇ ಅಂತ" ಎಂದರು.

ಕೆಲವು ತಿಂಗಳ ಮೇಲೆ ಆ ಕಾರು ಮಾಮೂಲಿ ಸರ್ವಿಸಿಗೆ ಬಂತು. ನಾನು ಗೇಟಿನ ಹತ್ತಿರವೇ ಇದ್ದೆ. ಗಿರಿಯಮ್ಮ ಈಗ ಮುಂದಿನ ಸೀಟಿನಲ್ಲಿದ್ದರು. ಕಂಬಳಿ ಅವರ ಅಡಿಯಲ್ಲಿತ್ತು. ಅದರ ಒಂದು ಮೂಲೆಯನ್ನು ಪಕ್ಕಕ್ಕೆ ಎಳೆದು ಗೇರಿನ ಮೇಲೆ ಹೊದಿಸಿದ್ದರು.

"ಇದೇನಜ್ಜಿ?"

"ಇವನ ಕೈಗೆ ಕಾವಲು ಕಣವ್ವ. ಹೊರಡಾಗ, ನಿಲ್ಸಾಗ ನಾನೇ ತೆಗೀತೀನಿ. ಇಳಿಜಾರು ಬಂದ್ರೆ ಇವನ ಕೈ ಬರ್ತೈತೆ, ಕಂಬಳಿಗೆ ತಾಕತೈತೆ, ಹಾವು ಮುಟ್ಟಿದಂಗೆ ವಾಪಸ್ ಹೋಗ್ತೈತೆ. ಹೇಳಾದೇ ಬ್ಯಾಡ."

ತಿಪ್ಪೇಸ್ವಾಮಿ ನಾಚಿಕೊಂಡು ನಕ್ಕ. "ಹಿಂದಿನ ಕಿಂಡಿ ಖಾಲಿ ಐತೆ ಮೇಡಂ, ಯಾರೂ ಏನೂ ಮುಚ್ಚಿಲ್ಲ."

"ಸರಿ," ಎಂದೆ. ಆಮೇಲೆ ಹಿಂದಿನ ಬಾಗಿಲು ತೆಗೆದು, ಬಗ್ಗಿ, ಕಿಂಡಿಗೆ ಅಂಗೈ ಹಿಡಿದು ನೋಡಿದೆ. ಎಳೆಯುತ್ತಿತ್ತು.